ಕ್ಯಾಮರಾ ಡ್ರೋನನ್ನು ಕೈಯಿಂದ ಹಾರಿಸುವುದು, ಕೈಯಲ್ಲಿ ಹಿಡಿಯುವುದು
(ಮಾನ್ವಿ ತಾಲೂಕಿನ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರ, ಕೀಟದ ಮಾತು ನಮ್ಮ ಸಭೆಗಳಲ್ಲಿ ಯಾವಾಗಲೂ ಇರತಕ್ಕದ್ದೇ. ಇಂದು ಅದನ್ನು ಬದಿಗಿಟ್ಟು ಡ್ರೋನಿನ ವಿಷಯ ತೆಗೆದುಕೊಂಡಿದ್ದೇನೆ. ಡ್ರೋನು ತಮಗೆ ತೀರ ಹೊಸದಲ್ಲ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯನ್ನು ಮೊದಲ ಹಂತದಲ್ಲಿಯೇ ಕೈಗೊಂಡ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಆ ಯೋಜನೆಯಲ್ಲಿ ಮನೆ, ಹಿತ್ತಲುಗಳ ಎಲ್ಲೆಗೆ ಸುಣ್ಣದ ಗೆರೆ ಎಳೆದು, ಮೇಲಿನಿಂದ ಡ್ರೋನು ಹಾರಿಸಿ ಊರಿನ ನಕ್ಷೆ ತೆಗೆಯುತ್ತಾರೆ. ಮದುವೆಯ ಹಂದರದ ಮೇಲೆ, ಜಾತ್ರೆಯ ತೇರಿನ ಮೇಲೆ ಅದು ಗುಂಯ್‌ಗುಡುವುದನ್ನು ಮಕ್ಕಳೂ ಬಲ್ಲರು. ಈಗ ಅದು ಹೊಲಕ್ಕೂ ಬಂದಿದೆ. ನಮ್ಮ ತರುಣರು ಚಿಕ್ಕ ಕ್ಯಾಮರಾ ಡ್ರೋನನ್ನು ತಂದು ನೆಲ್ಲಿನ ಗದ್ದೆಯ ಮೇಲೆ ಹಾರಿಸಿ, ನೀರು ಎಲ್ಲಿ ಮುಟ್ಟಿಲ್ಲ, ಬೆಳೆ ಎಲ್ಲಿ ಹಳದಿ ತಿರುಗಿದೆ ಎಂದು ನೋಡತೊಡಗಿದ್ದಾರೆ.

ಇದು ಒಳ್ಳೆಯದೇ. ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗದಲ್ಲಿ ನೀರು ಎಲ್ಲಿಯವರೆಗೆ ಬಂತು ಎಂದು ತಿಳಿಯಲು ಬದುವಿನ ಮೇಲೆ ಮೈಲಿಗಟ್ಟಲೆ ನಡೆಯುವ ಕಷ್ಟ ಬಲ್ಲವರೇ ಬಲ್ಲರು. ಕಂದು ಜಿಗಿಹುಳು ಬಿದ್ದ ಗದ್ದೆಯಲ್ಲಿ ಸುಟ್ಟಂತೆ ಕಾಣುವ ದುಂಡನೆಯ ತಾಣಗಳು ನಡುಗದ್ದೆಯಲ್ಲಿದ್ದರೆ ಬದುವಿನಿಂದ ಕಾಣುವುದಿಲ್ಲ, ಮೇಲಿನಿಂದ ಕಾಣುತ್ತವೆ. ಆದರೆ ಹುಳು ಇರುವುದು ಪೈರಿನ ಬುಡದಲ್ಲಿ. ಅದನ್ನು ಯಾವ ಕ್ಯಾಮರಾವೂ ಆಕಾಶದಿಂದ ತೋರಿಸದು. ತಾಣ ಕಂಡ ಮೇಲೆ ಕೆಸರಿಗಿಳಿದು ಬುಡ ತಟ್ಟಿ ನೋಡಲೇಬೇಕು. ಡ್ರೋನು ಚಿತ್ರ ತೋರಿಸಿತೆಂದು ನೆಟ್ಟಗೆ ಔಷಧದ ಅಂಗಡಿಗೆ ಓಡುವವರನ್ನು ನೋಡಿದಾಗ ನನಗೆ ವ್ಯಥೆಯಾಗುತ್ತದೆ. ಅದಿರಲಿ, ಇಂದಿನ ವಿಷಯ ಬೇರೆ.

ನಾಲೆ ಬದಿಯ ಒಂದು ಊರಲ್ಲಿ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಅಲ್ಲ ತಮ್ಮಾ, ಹಾರೋ ಯಂತ್ರ ಅಂತೀರಿ. ತಾನ ನೆಲದಿಂದ ಏರಬೇಕು, ತಾನ ನೆಲಕ್ಕ ಇಳೀಬೇಕು. ಈ ಹುಡುಗ್ರು ಅದನ್ನ ಕೈಯಾಗ ಯಾಕ ಹಿಡೀತಾರ?" ಪ್ರಶ್ನೆ ಸರಿಯಾದದ್ದು. ಸಮನಾದ, ಒಣಗಿದ, ಸ್ವಚ್ಛವಾದ ನೆಲವಿದ್ದಲ್ಲಿ ಕೈಯಲ್ಲಿ ಹಿಡಿಯುವ ಅವಶ್ಯಕತೆಯೇ ಇಲ್ಲ. ಆದರೆ ನೆಲ್ಲಿನ ಸೀಮೆಯಲ್ಲಿ ಅಂಥ ನೆಲ ಎಲ್ಲಿದೆ? ಗದ್ದೆಯಲ್ಲಿ ನೀರು. ಬದು ಒಂದು ಮೊಳ ಅಗಲ, ಅದರ ಮೇಲೆ ಹುಲ್ಲು. ಕೊಯ್ಲಾದ ಮೇಲೆ ಕೂಳೆ ಈಟಿಯಂತೆ ನಿಂತಿರುತ್ತದೆ. ಚಿಕ್ಕ ಡ್ರೋನಿನ ಕ್ಯಾಮರಾ ಹೊಟ್ಟೆಯ ಮುಂಭಾಗದಲ್ಲಿ ನೆಲದಿಂದ ಎರಡು ಬೆರಳಷ್ಟೇ ಎತ್ತರದಲ್ಲಿ ತೂಗಿರುತ್ತದೆ. ಹುಲ್ಲು ತಗಲಿದರೆ ಕ್ಯಾಮರಾ ತಿರುಗದು, ಅಲಗಿಗೆ ಸಿಕ್ಕರೆ ಡ್ರೋನು ಮಗುಚಿ ಬೀಳುತ್ತದೆ. ಬೇಸಿಗೆಯಲ್ಲಿ ಎರೆ ಹೊಲದ ಧೂಳು ಫ್ಯಾನಿನ ಗಾಳಿಗೆ ಎದ್ದು ಮೋಟಾರಿನೊಳಗೆ ಹೋಗುತ್ತದೆ. ಹಾಗಾದರೆ ಟ್ರ್ಯಾಕ್ಟರ್ ಟ್ರಾಲಿಯ ಮೇಲಿಟ್ಟು ಹಾರಿಸೋಣವೆಂದರೆ ಅದು ಕಬ್ಬಿಣ. ಡ್ರೋನಿನೊಳಗೆ ದಿಕ್ಸೂಚಿ ಇರುತ್ತದೆ. ಕಬ್ಬಿಣದ ಸಮೀಪ ಅದು ದಿಕ್ಕು ತಪ್ಪುತ್ತದೆ. ಕಬ್ಬಿಣ ಹಾಕಿದ ಕಾಂಕ್ರೀಟಿನ ಸೇತುವೆಯ ಮೇಲೂ ಇದೇ ತೊಂದರೆ. ಆದ್ದರಿಂದ ಹುಡುಗರು ಕೈಯನ್ನೇ ನೆಲ ಮಾಡಿಕೊಂಡಿದ್ದಾರೆ.

ಕೈಯಲ್ಲಿ ಹಿಡಿಯುವ ಮುನ್ನ ಬೇರೆ ದಾರಿ ಇದೆಯೇ ನೋಡಬೇಕು. ಮರದ ಹೊರಸಿನ ಮೇಲೆ ಹಲಗೆ ಹಾಸಿದರೆ ಸಾಕು, ಬದುವಿನ ಮೇಲೊಂದು ಅಂಗಳವಾಯಿತು. ತಾಡಪತ್ರಿ ಹಾಸುವುದಾದರೆ ನಾಲ್ಕು ಮೂಲೆಗೂ ಕಲ್ಲಿಡಬೇಕು, ಇಲ್ಲವಾದರೆ ಅದೇ ಎದ್ದು ಅಲಗಿಗೆ ಸುತ್ತಿಕೊಳ್ಳುತ್ತದೆ. ಇದೊಂದೂ ಸಾಧ್ಯವಿಲ್ಲದಾಗ ಕೈ ಇದೆ.

ಈಗ ಅಪಾಯ ಎಷ್ಟೆಂಬುದನ್ನು ಹೇಳುತ್ತೇನೆ. ಮನೆಯ ಚಾವಣಿಯ ಫ್ಯಾನು ನಿಮಿಷಕ್ಕೆ ಮುನ್ನೂರೈವತ್ತು, ನಾಲ್ಕುನೂರು ಸುತ್ತು ತಿರುಗುತ್ತದೆ. ಡ್ರೋನಿನ ಅಲಗು ತಿರುಗುವುದು ನಿಮಿಷಕ್ಕೆ ಸಾವಿರಾರು ಸುತ್ತು. ಅಲಗು ಪ್ಲಾಸ್ಟಿಕ್ಕಿನದು, ಹಗುರ, ಕೈಯಲ್ಲಿ ಹಿಡಿದರೆ ಬಾಗುತ್ತದೆ. ಆದ್ದರಿಂದಲೇ ಜನ ಮೋಸ ಹೋಗುತ್ತಾರೆ. ಕಾಲುವೆಗೆ ಬೀಳುತ್ತಿದ್ದ ಡ್ರೋನನ್ನು ಉಳಿಸಲೆಂದು ಕೈ ಚಾಚಿದ ತರುಣನೊಬ್ಬನನ್ನು ಕಳೆದ ನಾಟಿಯ ಕಾಲದಲ್ಲಿ ಕಂಡೆ. ಎರಡು ಬೆರಳಿಗೆ ಹೊಲಿಗೆ ಬಿದ್ದಿತ್ತು. ಗಾಯ ಮಾಯಿತು, ಆದರೆ ಆ ಹಂಗಾಮಿನಲ್ಲಿ ಅವನು ಕೆಸರಿಗೆ ಕೈ ಹಾಕುವಂತಿರಲಿಲ್ಲ. ಅವನ ಪಾಲಿನ ಕೆಲಸಕ್ಕೆ ಅವನ ತಾಯಿ ಕೂಲಿ ಕೊಟ್ಟು ಆಳು ಹಿಡಿಯಬೇಕಾಯಿತು. ನೆಲ್ಲು ನಾಟಿ ಮಾಡುವ, ಹತ್ತಿ ಬಿಡಿಸುವ ಮನೆಯಲ್ಲಿ ಬೆರಳೆಂದರೆ ಅನ್ನ. ಕಣ್ಣಿಗೆ ಬಡಿದರಂತೂ ಹೇಳುವುದೇ ಬೇಡ.

ಮೊದಲು ಹಾರಿಸುವ ವಿಧಾನ. ಇಬ್ಬರು ಇರಬೇಕು: ಒಬ್ಬ ರಿಮೋಟು ಹಿಡಿಯುವವ, ಇನ್ನೊಬ್ಬ ಡ್ರೋನು ಹಿಡಿಯುವವ. ಡ್ರೋನು ಹಿಡಿಯುವವ ಹೆಗಲ ಮೇಲಿನ ಟವಲು, ತಲೆಯ ರುಮಾಲು ತೆಗೆದಿಡಬೇಕು. ಹೆಣ್ಣುಮಕ್ಕಳಾದರೆ ಸೆರಗು ಬಿಗಿದು, ಜಡೆ ಒಳಸೇರಿಸಬೇಕು. ಮೋಟಾರ್ ಸೈಕಲ್ಲಿನ ಹೆಲ್ಮೆಟ್ಟು ಮನೆಯಲ್ಲಿ ಇದ್ದೇ ಇರುತ್ತದೆ. ಅದನ್ನು ಹಾಕಿ ಮುಂದಿನ ಗಾಜು ಇಳಿಸಿಕೊಂಡರೆ ಮುಖ, ಕಣ್ಣು ಎರಡಕ್ಕೂ ರಕ್ಷಣೆ. ಪೊಲೀಸರಿಗಾಗಿ ಹಾಕುವ ಹೆಲ್ಮೆಟ್ಟನ್ನು ಇಲ್ಲಿ ಕಣ್ಣಿಗಾಗಿ ಹಾಕಿ. ಕೈಗೆ ದಪ್ಪ ಚರ್ಮದ ಗವಸು ಇರಲಿ. ಮಕ್ಕಳು ಹತ್ತಿರ ಸುಳಿಯಕೂಡದು. ಮೇಲೆ ವಿದ್ಯುತ್ ತಂತಿ ಇದ್ದಲ್ಲಿ ನಿಲ್ಲಲೇಬೇಡಿ.

ಸ್ವಿಚ್ಚು ಹಾಕಿದ ಕೂಡಲೇ ಎತ್ತಿ ಹಿಡಿಯಬಾರದು. ಅದನ್ನು ಹಲಗೆಯ ಮೇಲೆ ಅಲುಗಾಡದಂತೆ ಸಮನಾಗಿಟ್ಟು ತನ್ನ ಮಟ್ಟವನ್ನು ತಾನು ಕಂಡುಕೊಳ್ಳಲು ಬಿಡಬೇಕು. ಆಮೇಲೆ ಉಪಗ್ರಹಗಳ ಸಂಕೇತ ಸಿಕ್ಕಿ, ಹೊರಟ ಜಾಗ ಗುರುತಾಯಿತೆಂದು ರಿಮೋಟು ತೋರಿಸುವವರೆಗೆ ಕಾಯಬೇಕು. ಸಂಪರ್ಕ ತಪ್ಪಿದಾಗ ಡ್ರೋನು ಹಿಂದಿರುಗುವುದು ಆ ಗುರುತಿಗೇ. ಆದರೆ ಆ ಗುರುತಿನಲ್ಲಿ ಕೆಲವು ಅಡಿಗಳ ವ್ಯತ್ಯಾಸ ಬರುವುದುಂಟು. ಬದು ಒಂದು ಮೊಳ, ವ್ಯತ್ಯಾಸ ಎರಡು ಮಾರು ಎಂದಾದರೆ ಅದು ಇಳಿಯುವುದು ನೀರಿಗೆ. ಆದುದರಿಂದ ನಮ್ಮ ಗದ್ದೆಗಳಲ್ಲಿ ಅದು ತಾನಾಗಿ ಇಳಿಯಲಿ ಎಂದು ಬಿಡುವಂತಿಲ್ಲ.

ಇನ್ನು ಎತ್ತಿ ಹಿಡಿಯುವುದು. ಮೈಯನ್ನು ಕೆಳಗಿನಿಂದ, ಎರಡು ಅಂಚಿಗೆ ಬೆರಳು ಕೊಟ್ಟು ಹಿಡಿಯಬೇಕು. ಹೊಟ್ಟೆಯ ಕೆಳಗೆ ನೆಲ ನೋಡುವ ಕಣ್ಣುಗಳಿರುತ್ತವೆ, ಅವು ಮುಚ್ಚಬಾರದು. ಯಾವ ಬೆರಳೂ ಅಲಗಿನ ಮಟ್ಟಕ್ಕೆ ಏಳಬಾರದು. ಕ್ಯಾಮರಾ ಆಚೆಗೆ, ಡ್ರೋನಿನ ಬೆನ್ನು ನಿಮ್ಮ ಕಡೆಗೆ. ತೋಳು ಪೂರ್ತಿ ಚಾಚಿ, ತಲೆಗಿಂತ ತುಸು ಮೇಲೆ ಹಿಡಿದು, ಮುಖ ಹಿಂದಕ್ಕೆ. ಫ್ಯಾನು ತಿರುಗಿದ ಮೇಲೆ ಅದು ತಾನಾಗಿ ಏಳುತ್ತದೆ. ಅದನ್ನು ಎಸೆಯಬಾರದು. ವಿಮಾನದಂತೆ ಉದ್ದ ರೆಕ್ಕೆಯಿರುವ ಒಂದು ಜಾತಿಯ ಡ್ರೋನನ್ನು ಎಸೆದೇ ಹಾರಿಸುತ್ತಾರೆ. ಅದನ್ನು ಚಿತ್ರದಲ್ಲಿ ನೋಡಿ ನಾಲ್ಕು ಫ್ಯಾನಿನದನ್ನೂ ಎಸೆದವರಿದ್ದಾರೆ. ನಾಲ್ಕು ಫ್ಯಾನಿನದು ಸದಾ ಮಟ್ಟವಾಗಿರಲು ಹೆಣಗುವ ಯಂತ್ರ. ಕೈ ವಾಲಿದರೆ, ತಗ್ಗಿದ ಕಡೆಯ ಫ್ಯಾನನ್ನು ಅದು ಜೋರು ಮಾಡುತ್ತದೆ. ನೀವು ಅಲುಗಾಡಿಸಿದಷ್ಟೂ ಅದು ಜಗಳವಾಡುತ್ತದೆ. ಕೈ ಕಂಬದಂತೆ ನಿಂತಿರಲಿ. ಅದು ಎದ್ದ ಮೇಲೆ ಕೈ ಇಳಿಸಿ ಎರಡು ಹೆಜ್ಜೆ ಹಿಂದಕ್ಕೆ ಸರಿಯಿರಿ.

ಹಾರಿಸುವುದಕ್ಕಿಂತ ಹಿಡಿಯುವುದು ಕಠಿಣ. ಇಲ್ಲಿ ತಾವು ಲಕ್ಷ್ಯಕೊಟ್ಟು ಕೇಳಬೇಕು.

ಬ್ಯಾಟರಿ ನೂರಕ್ಕೆ ಮೂವತ್ತು ಉಳಿದಿರುವಾಗಲೇ ಡ್ರೋನನ್ನು ಕರೆಸಿಕೊಳ್ಳಿ. ತೀರ ಇಳಿದಾಗ ಅದು ನಿಮ್ಮ ಮಾತು ಕಾಯದೆ ಇಳಿಯತೊಡಗುತ್ತದೆ, ಆಗಲೇ ಅವಸರ, ಅವಸರದಲ್ಲೇ ಗಾಯ. ಬಂದ ಡ್ರೋನನ್ನು ಎರಡಾಳು ಎತ್ತರದಲ್ಲಿ ನಿಲ್ಲಿಸಿ ಹತ್ತು ಎಣಿಸಿರಿ. ಅದು ನಿಂತಲ್ಲಿ ನಿಂತಿದ್ದರೆ ಮುಂದಿನ ಮಾತು. ತೂಗಾಡುತ್ತಿದ್ದರೆ ಹಿಡಿಯುವ ಆಲೋಚನೆ ಬಿಟ್ಟು ಹಲಗೆಯ ಮೇಲೋ ರಸ್ತೆಯ ಮೇಲೋ ಇಳಿಸಿರಿ.

ಕಣದಲ್ಲಿ ರಾಶಿ ತೂರುವವರು ಗಾಳಿ ನೋಡಿ ನಿಲ್ಲುತ್ತಾರೆ, ಇಲ್ಲದಿದ್ದರೆ ಹೊಟ್ಟು ಕಣ್ಣಿಗೆ. ಇಲ್ಲಿಯೂ ಹಾಗೆಯೇ. ಹಿಡಿಯುವವ ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಆಗ ಜೋರು ಗಾಳಿ ಬೀಸಿದರೆ ಡ್ರೋನು ಮುಖದಿಂದ ಆಚೆಗೆ ಹೋಗುತ್ತದೆ, ಮುಖಕ್ಕೆ ಬರುವುದಿಲ್ಲ. ಆಷಾಢದ ಗಾಳಿಯಲ್ಲಿ ಮಧ್ಯಾಹ್ನ ಹಿಡಿಯುವ ಸಾಹಸ ಬೇಡ. ಬೆಳಿಗ್ಗೆ ಗಾಳಿ ಏಳುವ ಮೊದಲು ಕೆಲಸ ಮುಗಿಸಬೇಕು.

ಕೆಲವು ಡ್ರೋನುಗಳಿಗೆ ಅಕ್ಕಪಕ್ಕದ ಅಡ್ಡಿ ನೋಡುವ ಕಣ್ಣುಗಳಿವೆ. ಮನುಷ್ಯನನ್ನು ಅವು ಮರ, ಗೋಡೆ ಎಂದು ತಿಳಿದು ಹಿಂದೆ ಸರಿಯುತ್ತವೆ. ಹಿಡಿಯುವಾಗ ಮಾತ್ರ ಅದನ್ನು ರಿಮೋಟಿನಿಂದ ಬಂದ್ ಮಾಡಿ, ಕೆಲಸವಾದ ಮೇಲೆ ಮರೆಯದೆ ಮತ್ತೆ ಚಾಲೂ ಮಾಡಬೇಕು. ಹೊಟ್ಟೆಯ ಕೆಳಗಿನ ಕಣ್ಣಿನದು ಇನ್ನೊಂದು ಆಟ. ಅಂಗೈ ಕೆಳಗೆ ಬಂದೊಡನೆ ನೆಲವೇ ಮೇಲೆ ಬಂತೆಂದು ತಿಳಿದು ಡ್ರೋನು ತಾನೂ ಮೇಲೇಳುತ್ತದೆ. ಹಾಗಾದಾಗ ಕೈ ಬೆನ್ನಟ್ಟಿ ಹೋಗಬಾರದು. ಕೈ ಹಿಂತೆಗೆದು ಮತ್ತೊಮ್ಮೆ ಮೊದಲಿನಿಂದ ಮಾಡಬೇಕು. ಕೈ ನಿಂತಲ್ಲೇ ಇರಬೇಕು, ಡ್ರೋನು ಕೈಯ ಹತ್ತಿರ ಬರಬೇಕು.

ಡ್ರೋನು ತಲೆಗಿಂತ ಸ್ವಲ್ಪ ಮೇಲೆ, ತೋಳಿನಷ್ಟು ದೂರದಲ್ಲಿ ನಿಂತಾಗ ಕೆಳಗಿನಿಂದ ಮೈಯನ್ನೇ ಗಟ್ಟಿಯಾಗಿ ಹಿಡಿಯಬೇಕು. ಫ್ಯಾನು ಕೂತ ಕೈಗಳನ್ನು ಹಿಡಿಯಬಾರದು. ಎಳೆಯಬಾರದು, ತಿರುವಬಾರದು. ಹಿಡಿದವನು "ಹಿಡಿದೆ" ಎಂದು ಕೂಗಿದ ಮೇಲೆಯೇ ರಿಮೋಟಿನವನು ಇಳಿಸುವ ಸ್ಟಿಕ್ಕನ್ನು ಪೂರ್ತಿ ಕೆಳಗೆಳೆದು, ಅಲಗು ನಿಲ್ಲುವವರೆಗೆ ಹಾಗೆಯೇ ಹಿಡಿದಿರಬೇಕು. ಸಾಮಾನ್ಯವಾಗಿ ಕೆಲವು ಸೆಕೆಂಡು ಬೇಕಾಗುತ್ತದೆ. ಆ ಕೆಲವು ಸೆಕೆಂಡು ದೀರ್ಘವಾಗಿ ತೋರುತ್ತವೆ, ಅಲ್ಲಿಯೇ ಕೈ ಸಡಿಲಾಗುವುದು. ಅಲಗು ಕಣ್ಣಿಗೆ ಒಂದೊಂದಾಗಿ ಕಂಡು ನಿಂತ ಮೇಲೆಯೇ ತೋಳು ಇಳಿಸಿರಿ.

ಕೂಗುವ ಮಾತುಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಿ: "ಬರಲಿ", "ನಿಲ್ಲಿಸು", "ಹಿಡಿದೆ", "ಮೇಲೆ". "ಮೇಲೆ" ಎಂದರೆ ರಿಮೋಟಿನವನು ಯಾಕೆ ಎಂದು ಕೇಳದೆ ನೆಟ್ಟಗೆ ಎತ್ತಬೇಕು. ಎತ್ತಿನ ಜೋಡಿಗೆ ಇಬ್ಬರು ಎರಡು ಕಡೆಯಿಂದ ಕೂಗಿದರೆ ಸಾಲು ಏನಾಗುತ್ತದೆಂದು ತಮಗೆ ನಾನು ಹೇಳಬೇಕಾಗಿಲ್ಲ. ಇಲ್ಲಿ ಮಾತು ಹಿಡಿಯುವವನದೇ, ಅವನು ಕಿರಿಯನಾದರೂ ಸರಿ, ಡ್ರೋನು ಅವನದಲ್ಲದಿದ್ದರೂ ಸರಿ. ಬೆರಳು ಅವನದು. ಕೈ ತಪ್ಪಿ ಡ್ರೋನು ಬಿದ್ದರೆ ಬೀಳಲಿ. ಬೀಳುವುದನ್ನು ಹಿಡಿಯಲು ಹೋಗಬೇಡಿ.

ಒಂದು ಕೈಯಲ್ಲಿ ರಿಮೋಟು, ಇನ್ನೊಂದು ಕೈಯಲ್ಲಿ ಡ್ರೋನು ಎಂದು ಒಬ್ಬನೇ ಹಿಡಿಯುವವರೂ ಇದ್ದಾರೆ. ಒಂದು ಮೊಳದ ಬದುವಿನ ಮೇಲೆ ಅದು ಬೇಡವೆಂದೇ ನನ್ನ ಅಭಿಪ್ರಾಯ. ಅಂಗೈಯಿಂದಲೇ ಎದ್ದು ಅಂಗೈಗೇ ಇಳಿಯುವಂತೆ, ಅಲಗಿನ ಸುತ್ತ ಪಂಜರ ಕಟ್ಟಿ ಮಾಡಿದ ಪುಟ್ಟ ಯಂತ್ರಗಳೂ ಇವೆ. 2024ರಲ್ಲಿ ಬಂದ ಡಿಜೆಐ ನಿಯೋ ಅಂಥದು, ತೂಕ 135 ಗ್ರಾಂ. ಅವುಗಳ ಮಾತು ಬೇರೆ. ಪಂಜರವಿಲ್ಲದ್ದನ್ನು ಅವುಗಳಂತೆ ಭಾವಿಸಕೂಡದು.

ಔಷಧ ಸಿಂಪಡಿಸುವ ಡ್ರೋನನ್ನು ಎಂದಿಗೂ, ಯಾವ ಕಾರಣಕ್ಕೂ, ಯಾರೂ ಕೈಯಿಂದ ಮುಟ್ಟಿ ಹಾರಿಸುವುದಾಗಲಿ ಹಿಡಿಯುವುದಾಗಲಿ ಸಲ್ಲದು. 10 ಲೀಟರ್ ಟ್ಯಾಂಕು ತುಂಬಿದಾಗ ಅದು ಸುಮಾರು 25 ಕಿಲೋ ತೂಗುತ್ತದೆ. 2023ರಲ್ಲಿ ಘೋಷಿಸಿದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ದೇಶದ 15,000 ಮಹಿಳಾ ಸ್ವಸಹಾಯ ಸಂಘಗಳಿಗೆಂದು ಗೊತ್ತುಮಾಡಿದ್ದು ಇದೇ ಜಾತಿಯದು. ಅದಕ್ಕೆ 15 ದಿನಗಳ ತರಬೇತಿ ಇಟ್ಟಿರುವುದು ಸುಮ್ಮನೆ ಅಲ್ಲ. ಅದು ಏಳುವಾಗ, ಇಳಿಯುವಾಗ ದೂರ ನಿಲ್ಲಿರಿ.

ಗಾಯವಾದರೆ ನಾಲೆಯ ನೀರಿನಿಂದ ತೊಳೆಯಬೇಡಿ. ಕುಡಿಯುವ ನೀರಿನಿಂದ ಕೆಸರು ತೊಳೆದು, ಸ್ವಚ್ಛ ಬಟ್ಟೆಯನ್ನು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದು, ಕೈ ಮೇಲೆತ್ತಿ ಆಸ್ಪತ್ರೆಗೆ ಹೋಗಿ. ಸುಣ್ಣ, ಅರಿಸಿನ, ಕಾಫಿ ಪುಡಿ ಹಾಕುವ ಪದ್ಧತಿ ಬಿಡಬೇಕು. ಕೆಸರಿನ ಗಾಯವಾದ್ದರಿಂದ ಧನುರ್ವಾಯುವಿನ ಚುಚ್ಚುಮದ್ದಿನ ವಿಷಯ ವೈದ್ಯರನ್ನು ಕೇಳಿರಿ. ಕಣ್ಣಿಗೆ ಪೆಟ್ಟಾದರೆ ಉಜ್ಜಬಾರದು, ಒತ್ತಬಾರದು. ಕಣ್ಣಿಗೆ ತಾಗದಂತೆ ಒಂದು ಲೋಟ ಮರೆಮಾಡಿ ತಡಮಾಡದೆ ಕರೆದೊಯ್ಯಬೇಕು.

ಕಾಯಿದೆಯ ಮಾತು ಎರಡೇ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೋ, ಅದಕ್ಕಿಂತ ಹೆಚ್ಚಿದ್ದು 2 ಕಿಲೋವರೆಗಿನದು ಮೈಕ್ರೋ. ನ್ಯಾನೋ ಹಾರಿಸಲು, ಮತ್ತು ವ್ಯಾಪಾರಕ್ಕಲ್ಲದೆ ಮೈಕ್ರೋ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಹಣ ಪಡೆದು ಮದುವೆಯ ಚಿತ್ರ ತೆಗೆಯುವ ಮೈಕ್ರೋಗೆ ಬೇಕು. ಹಸಿರು ವಲಯದಲ್ಲಿಯೂ 400 ಅಡಿಯ ಮೇಲೆ ಹೋಗುವಂತಿಲ್ಲ. ತಮ್ಮ ಊರು ಯಾವ ವಲಯದಲ್ಲಿದೆ ಎಂದು ಸರಕಾರದ ನಕ್ಷೆಯಲ್ಲಿ ನೋಡಿಕೊಂಡೇ ಹಾರಿಸಬೇಕು.

ಕೊನೆಗೆ, ಹಿಡಿದ ಡ್ರೋನನ್ನು ಹಾಗೆಯೇ ಚೀಲಕ್ಕೆ ಹಾಕಬೇಡಿ. ಬ್ಯಾಟರಿ ತೆಗೆದು, ಅದು ಉಬ್ಬಿದೆಯೇ ನೋಡಿ. ಉಬ್ಬಿದ್ದನ್ನು ಮತ್ತೆ ಚಾರ್ಜಿಗೆ ಹಾಕಕೂಡದು. ಆಮೇಲೆ ಪ್ರತಿಯೊಂದು ಅಲಗಿನ ಅಂಚಿನ ಮೇಲೂ ಉಗುರು ಎಳೆದು ನೋಡಿ. ಕುಡುಗೋಲಿನ ಬಾಯಿ ಮುರಿದಂತೆ ಎಲ್ಲಿಯಾದರೂ ಉಗುರಿಗೆ ಸಿಕ್ಕಿದರೆ ಆ ಅಲಗನ್ನು ಅಂದೇ ಬದಲಿಸಿರಿ.