ಲೂರ್ದು ಮಾತೆಯ ಹಬ್ಬ: ಭಯವು ಅವಿಶ್ವಾಸವಲ್ಲ



ಇಂದು ಫೆಬ್ರವರಿ 11, ಲೂರ್ದು ಮಾತೆಯ ಹಬ್ಬ. ಪೋಪ್ ಎರಡನೆಯ ಜಾನ್ ಪಾಲ್‌ರವರ ಆಶಯದಂತೆ 1993ರಿಂದ ಇದೇ ದಿನವನ್ನು ವಿಶ್ವ ರೋಗಿಗಳ ದಿನವನ್ನಾಗಿಯೂ ಆಚರಿಸುತ್ತಿದ್ದೇವೆ. ಹಾಸಿಗೆ ಹಿಡಿದವರಿಗಾಗಿ ಪ್ರಾರ್ಥಿಸುತ್ತೇವೆ. ಆದರೆ ಓಡಾಡಿಕೊಂಡೇ ನರಳುವವರೂ ನಮ್ಮ ಕುಟುಂಬಗಳಲ್ಲಿದ್ದಾರೆ. ನಡುರಾತ್ರಿ ಎದೆ ಡವಡವ ಹೊಡೆದುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ, ಇನ್ನೇನು ಸತ್ತೇ ಹೋಗುತ್ತೇವೆ ಎನಿಸುತ್ತದೆ. ಆಸ್ಪತ್ರೆಯಲ್ಲಿ ಇಸಿಜಿ ಸರಿಯಾಗಿದೆ ಎನ್ನುತ್ತಾರೆ. ಕೆಲವು ದಿನಗಳಲ್ಲಿ ಮತ್ತೆ ಅದೇ ಭಯ, ಇನ್ನೊಬ್ಬ ವೈದ್ಯರು, ಇನ್ನೊಂದು ಪರೀಕ್ಷೆ. ಮನೆಯವರೋ 'ನಿನಗೆ ವಿಶ್ವಾಸ ಸಾಲದು' ಎಂದುಬಿಡುತ್ತಾರೆ.

ಪ್ರಿಯರೇ, ಭಯವು ಅವಿಶ್ವಾಸವಲ್ಲ. ಗೆತ್ಸೆಮನಿ ತೋಪಿನಲ್ಲಿ ಪ್ರಭು ಯೇಸುವೇ ತಳಮಳಗೊಂಡರು. ತಮ್ಮೊಂದಿಗೆ ಎಚ್ಚರವಾಗಿರುವಂತೆ ಶಿಷ್ಯರನ್ನು ಕೇಳಿಕೊಂಡರು. 1858ರಲ್ಲಿ ಇದೇ ದಿನ ಲೂರ್ದಿನ ಗವಿಯ ಮುಂದೆ, ಉಬ್ಬಸದಿಂದ ಬಳಲುತ್ತಿದ್ದ 14 ವರ್ಷದ ಬರ್ನಡೆಟ್ ಕೂಡ ಬೆದರಿದಳು. ಜಪಸರ ಹಿಡಿದ ಕೈ ಶಿಲುಬೆಯ ಗುರುತಿಗಾಗಿ ಹಣೆಯವರೆಗೆ ಏಳಲಿಲ್ಲ. ಆದರೂ ಅವಳು ಓಡಿಹೋಗಲಿಲ್ಲ. ಮಾತೆಯು ಶಿಲುಬೆಯ ಗುರುತು ಮಾಡಿದಾಗ ಅವಳ ಕೈಯೂ ಮೇಲೆದ್ದಿತು, ಭಯ ಇಳಿಯಿತು.

ಓಡದೆ ನಿಲ್ಲಬೇಕೆಂದು ಇಂದಿನ ವೈದ್ಯರೂ ಹೇಳುತ್ತಾರೆ. ಇಂಥ ದಿಗಿಲು ಸಾಮಾನ್ಯವಾಗಿ 10 ನಿಮಿಷಗಳೊಳಗೆ ತುದಿಗೇರಿ, ಆಮೇಲೆ ತಾನಾಗಿ ಇಳಿಯುತ್ತದೆ. ಎದೆನೋವು ಮೊದಲ ಸಲ ಕಂಡಾಗ, ಅಥವಾ ಹೊಸ ಲಕ್ಷಣ ತೋರಿದಾಗ, ತಡಮಾಡದೆ ಆಸ್ಪತ್ರೆಗೆ ಹೋಗಲೇಬೇಕು. ಆದರೆ ವೈದ್ಯರು ಪರೀಕ್ಷಿಸಿ, ಇದು ಹೃದಯದ ಕಾಯಿಲೆಯಲ್ಲ, ದಿಗಿಲು ಎಂದ ಮೇಲೆ ಅವರ ಮಾತನ್ನು ನಂಬೋಣ. ಗಳಿಗೆಗೊಮ್ಮೆ ನಾಡಿ ಹಿಡಿಯುವುದು, ಬಿಪಿ ನೋಡುವುದು ಭಯಕ್ಕೆ ಹಾಲೆರೆದಂತೆ. ಅದರ ಬದಲು ಇದ್ದಲ್ಲೇ ಕುಳಿತು, 'ಇದು ಭಯ, ಬಂದದ್ದು ಹೋಗುತ್ತದೆ' ಎಂದುಕೊಂಡು, ಯೇಸುವಿನ ನಾಮ ನೆನೆಯುತ್ತಾ ನಿಧಾನವಾಗಿ ಉಸಿರು ಬಿಡೋಣ.

ಪದೇ ಪದೇ ಬಂದರೆ ಮನೋವೈದ್ಯರ ಬಳಿಗೆ ಹೋಗಲು ನಾಚಿಕೆ ಬೇಡ. ಆಪ್ತಸಮಾಲೋಚನೆಯಿಂದಲೂ ಔಷಧಿಯಿಂದಲೂ ಇದು ಹತೋಟಿಗೆ ಬರುತ್ತದೆ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಲೂರ್ದು ಪುಣ್ಯಕ್ಷೇತ್ರದಲ್ಲೇ 1883ರಿಂದ ವೈದ್ಯರ ಕಚೇರಿಯಿದೆ. ಪ್ರಾರ್ಥನೆಗೂ ಚಿಕಿತ್ಸೆಗೂ ಜಗಳವಿಲ್ಲ.

ಮನೆಯವರಲ್ಲಿ ಒಂದು ವಿನಂತಿ. ನಡುಗುತ್ತಿರುವವರಿಗೆ ಬುದ್ಧಿಮಾತು ಬೇಡ, ಬೈಗುಳವೂ ಬೇಡ. ಪಕ್ಕದಲ್ಲಿ ಕುಳಿತು ಕೈಹಿಡಿಯೋಣ. ಶಿಷ್ಯರು ನಿದ್ರೆಹೋದ ಆ ರಾತ್ರಿ ಪ್ರಭು ಬಯಸಿದ್ದು ಇಂಥ ಜೊತೆಯನ್ನೇ. ರೋಗಿಗಳ ಆರೋಗ್ಯವಾದ ಮಾತೆ ಮರಿಯಮ್ಮನವರು ಭಯದಲ್ಲಿರುವ ನಮ್ಮೆಲ್ಲರಿಗಾಗಿ ಪ್ರಾರ್ಥಿಸಲಿ. ಆಮೆನ್.