ಓದಿ ತೋರಿಸಿದ ಮಕ್ಕಳ ಋಣ



ಬೋಡಕ್‌ದೇವ್‌ನ ನಮ್ಮ ಮನೆಗಳಲ್ಲಿ ಮಕ್ಕಳಿಗೆ ಅಜ್ಜಿಯೊಡನೆ ಕನ್ನಡ, ಗೆಳೆಯರೊಡನೆ ಗುಜರಾತಿ, ಪಾಠಕ್ಕೆ ಇಂಗ್ಲಿಷ್. ಅಂಥ ಮಗು ಓದುವಾಗ ತಡವರಿಸಿದರೆ 'ಭಾಷೆ ಜಾಸ್ತಿಯಾಯಿತು' ಅನ್ನುತ್ತೇವೆ, ಇಲ್ಲವೇ 'ಸೋಮಾರಿ' ಅನ್ನುತ್ತೇವೆ. ಡಿಸ್ಲೆಕ್ಸಿಯಾ ಇರಬಹುದೇ ಎಂದು ತಿಳಿಯಲು ಒಂದು ಅಳತೆಗೋಲು ಬೇಕು. ಅದು ಸಿಗುವುದು ಬೇರೆ ಮಕ್ಕಳಿಂದಲೇ!

ಇಂಗ್ಲಿಷಿನ ಅಳತೆ ಕನ್ನಡಕ್ಕೆ ಹೊಂದುವುದಿಲ್ಲ. ಅಲ್ಲಿ 26 ಅಕ್ಷರ. ನಮ್ಮಲ್ಲಿ ಕಾಗುಣಿತ, ಒತ್ತಕ್ಷರ ಸೇರಿದರೆ ನೂರಾರು. ಕನ್ನಡ ಓದಲು ಕಲಿಯುತ್ತಿದ್ದ 5ರಿಂದ 10 ವರ್ಷದ ಮಕ್ಕಳನ್ನು ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರಗಳ ಕಲಿಕೆಗೆ ಹಲವು ವರ್ಷ ಹಿಡಿಯುತ್ತದೆಂದು ತೋರಿಸಿತು. ಇಂಗ್ಲಿಷಿನ ಲೆಕ್ಕದಲ್ಲಿ ಹಿಂದುಳಿದಂತೆ ಕಾಣುವುದು ಕನ್ನಡದಲ್ಲಿ ಸಹಜವೇ ಇರಬಹುದು. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ 'ಡಾಲಿ' ಪರೀಕ್ಷೆ ಹಿಂದಿ, ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಬಂತು. ಇವೆಲ್ಲದರ ಹಿಂದೆ ಕೂತು ಓದಿ ತೋರಿಸಿದ ಮಕ್ಕಳಿದ್ದಾರೆ.

ಹದಿಹರೆಯದ ಗೆಳೆಯರೇ, ನಾಳೆ ನಿಮ್ಮನ್ನೂ ಇಂಥ ಸಂಶೋಧನೆಗೆ ಕರೆಯಬಹುದು. ಪದಗಳನ್ನು ಗಟ್ಟಿಯಾಗಿ ಓದುವುದು, ಚಿತ್ರಗಳ ಹೆಸರನ್ನು ಬೇಗ ಬೇಗ ಹೇಳುವುದು, 'ನಗರ'ದಲ್ಲಿ 'ನ' ತೆಗೆದರೆ ಉಳಿಯುವುದೇನು ಎನ್ನುವುದು, ಹೀಗಿರುತ್ತವೆ ಕೆಲಸಗಳು. ತಡವರಿಸುವವರೂ ಬೇಕು, ಸಲೀಸಾಗಿ ಓದುವವರೂ ಬೇಕು. ಇಬ್ಬರನ್ನೂ ಹೋಲಿಸದೆ ವ್ಯತ್ಯಾಸ ತಿಳಿಯುವುದಿಲ್ಲ.

ಅಪ್ಪ ಅಮ್ಮನ ಸಹಿಯೊಂದೇ ಸಾಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ 7ರಿಂದ 12 ವರ್ಷದವರ ಬಾಯಿಮಾತಿನ ಒಪ್ಪಿಗೆ, 12ರಿಂದ 18ರವರ ಲಿಖಿತ ಒಪ್ಪಿಗೆ ಕೇಳಬೇಕು. ಒಪ್ಪಿದ ಮೇಲೂ ನಡುವೆ ನಿಲ್ಲಿಸಬಹುದು. ಹೆಸರು ಗುಟ್ಟಾಗಿರುತ್ತದೆಯೇ, ಫಲಿತಾಂಶ ನಮಗೆ ಹೇಳುತ್ತೀರಾ ಎಂದು ಮೊದಲೇ ಕೇಳಿ. ಹಾಗೆ ಕೇಳಿದರೆ ಅಧಿಕಪ್ರಸಂಗವಲ್ಲ.

ಪೋಷಕರೇ, ಒಂದು ಮಾತು ನೆನಪಿರಲಿ. ಸಂಶೋಧನೆಯೇ ತಪಾಸಣೆಯಲ್ಲ. ನಿಮ್ಮ ಮಗುವಿಗೆ ನೆರವು ಬೇಕಿದ್ದರೆ ತಜ್ಞರ ಹತ್ತಿರ ಬೇರೆಯಾಗಿಯೇ ಹೋಗಬೇಕು. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಗುರುತಿಸಿದೆ. ಆದ್ದರಿಂದ ಸಂಕೋಚ ಬೇಡ.

ಸಂಶೋಧನೆಯಲ್ಲಿ ಕೊಟ್ಟ ಅರ್ಧ ಗಂಟೆಯ ಫಲ ಓದಿದ ಮಗುವಿಗೇ ಸಿಗಲಿಕ್ಕಿಲ್ಲ. ಎಲ್ಲೋ ಇನ್ನೊಂದು ಮಗುವಿನ ಮೇಲಿನ 'ದಡ್ಡ' ಎಂಬ ಹಣೆಪಟ್ಟಿ ಅದರಿಂದ ಕಳಚಬಹುದು. ನಿಮ್ಮ ಮಗುವನ್ನು ಕೇಳಿ. ಬೇಡ ಎಂದರೆ ಅದೂ ಉತ್ತರವೇ. ಹೂಂ ಎಂದರೆ ಬೆನ್ನು ತಟ್ಟಿ ಕಳಿಸಿ.