ಘಾಟ ಬಂದಾದರೆ ಗಾಡಿ ಯಾವ ಕಡೆ?



ನಮ್ಮ ಗಡಹಿಂಗ್ಲಜದಿಂದ ಪಶ್ಚಿಮಕ್ಕೆ ಹೋದರೆ ಆಜರಾ ಬರುತ್ತದೆ. ಅದನ್ನು ದಾಟಿದರೆ ಆಂಬೋಲಿ ಘಾಟ. ಕೆಳಗೆ ಕೊಂಕಣ, ಅದರಾಚೆ ಸಮುದ್ರ. ಕೊಲ್ಹಾಪುರದವರಿಗೆ ಗಗನಬಾವಡಾ ಹತ್ತಿರ ಕರೂಳ ಘಾಟ ಇದೆ, ರಾಧಾನಗರಿ ಕಡೆಯಿಂದ ಫೋಂಡಾ ಘಾಟ ಇದೆ. ಒಂದು ಬಂದಾದರೆ ಇನ್ನೊಂದು.

ನನ್ನ ತಮ್ಮ ಲಾರಿ ಹೊಡೀತಾನ. 2024ರಲ್ಲಿ ರಸ್ತೆ ಕೆಲಸಕ್ಕಾಗಿ ಕರೂಳ ಘಾಟ ಮುಚ್ಚಿದ್ದರು. ಇಚಲಕರಂಜಿಯ ಬಟ್ಟೆ ಹೇರಿಕೊಂಡು ವೈಭವವಾಡಿಗೆ ಹೊಂಟವನು ಫೋಂಡಾ ಘಾಟ ಇಳಿದು ಸುತ್ತು ಹಾಕಿ ಹೋದ. ಡೀಸೆಲ್ ಹೆಚ್ಚು ಸುಟ್ಟಿತು. ಬಾಡಿಗೆ ಮಾತ್ರ ಮೊದಲು ಮಾತಾಡಿದಷ್ಟೇ. "ಅಣ್ಣಾ, ರೈಲಿನವರಿಗೆ ಈ ತ್ರಾಸ ಇಲ್ಲ ನೋಡು" ಅಂದ. "ನಿನಗಿಂತ ಹೆಚ್ಚೇ ಐತಿ, ತಮ್ಮಾ" ಅಂದೆ. ಇವತ್ತು ಅದನ್ನೇ ನಿಮಗೆ ಹೇಳುತ್ತೇನೆ.

ನಮ್ಮ ಕಡೆಯ ಸರಕು ರೈಲಿನಲ್ಲಿ ಘಟ್ಟ ಇಳಿಯಬೇಕಾದರೆ ಮೊದಲು ಮೀರಜಿಗೆ ಹೋಗಬೇಕು. ಕೊಲ್ಹಾಪುರ-ಮೀರಜ ರೈಲು ಶುರುವಾದದ್ದು 1891ರಲ್ಲಿ. ಇಚಲಕರಂಜಿಯವರ ಹಾತಕಣಂಗಲೆ ಸ್ಟೇಶನ್ ಇದೇ ದಾರಿಯಲ್ಲಿದೆ. ಮೀರಜದಿಂದ ಉತ್ತರಕ್ಕೆ ಹೋದರೆ ಪುಣೆ. ಅಲ್ಲಿಂದ ಬೋರ್ ಘಾಟ ಇಳಿದರೆ ಮುಂಬೈ. ದಕ್ಷಿಣಕ್ಕೆ ಹೋದರೆ ಬೆಳಗಾವಿ, ಲೋಂಡಾ, ಕ್ಯಾಸಲ್‌ರಾಕ್. ಅಲ್ಲಿಂದ ದೂಧಸಾಗರ ಜಲಪಾತದ ಮಗ್ಗುಲಲ್ಲೇ ಇಳಿದು ಗೋವಾದ ಮುರಗಾಂವ ಬಂದರು.

ಈ ಎರಡು ದಾರಿಗಳ ಪೈಪೋಟಿ ಹಳೆಯದು. ಬೋರ್ ಘಾಟದ ರೈಲು 1863ರದು. ಗೋವಾದ ರೈಲು 1888ರದು. ಆಗ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ಹುಬ್ಬಳ್ಳಿ-ಧಾರವಾಡದ ಹತ್ತಿ ತಮ್ಮ ಬಂದರಿಗೆ ಬರಲಿ ಎಂದು ಅವರ ಆಸೆ. ಮುಂಬೈಗೆ ಹೋಗುವ ಸರಕಿಗೆ ಪುಣೆಯಲ್ಲಿ ಒಂದು ತೊಡಕಿತ್ತು. ಅಲ್ಲಿಂದ ಮುಂದೆ ಹಳಿಯ ಅಗಲ ಬೇರೆ. ಗಾಡಿಯಿಂದ ಗಾಡಿಗೆ ಮಾಲು ಬದಲಿಸಬೇಕು. ಗೋವಾದ ದಾರಿಗೆ ಆ ತಂಟೆ ಇರಲಿಲ್ಲ. ಆದರೂ ಅವರು ಎಣಿಸಿದಷ್ಟು ಸರಕು ಬರಲಿಲ್ಲ. ವ್ಯಾಪಾರಿಗಳು, ಗಿರಣಿಗಳು, ದೊಡ್ಡ ಹಡಗುಗಳು ಎಲ್ಲ ಮುಂಬೈಯಲ್ಲೇ ಇದ್ದವಲ್ಲ!

ಘಟ್ಟದ ಏರು ಎಷ್ಟು ಗೊತ್ತೇ? 37 ಅಡಿ ಮುಂದೆ ಹೋದರೆ 1 ಅಡಿ ಮೇಲೆ. "ಇಷ್ಟೇನಾ?" ಅಂತೀರಿ. ಎತ್ತಿನ ಗಾಡಿಗೆ ಅದು ದೊಡ್ಡದಲ್ಲ. ಆದರೆ ರೈಲಿನ ಗಾಲಿಯೂ ಉಕ್ಕು, ಹಳಿಯೂ ಉಕ್ಕು. ಜಾರುತ್ತದೆ. ಮುರಗಾಂವದಿಂದ ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಹೇರಿದ ಗೂಡ್ಸ್ ಗಾಡಿ ಈ ಘಾಟ ಹತ್ತಬೇಕು. ಮುಂದಿನ ಎಂಜಿನ್ನು ಸಾಲದು. ಘಟ್ಟದ ಬುಡದಲ್ಲಿ, ಕುಳೆ ಸ್ಟೇಶನ್ನಿನಲ್ಲಿ, ಹಿಂದೆಯೂ ಎಂಜಿನ್ ಕಟ್ಟಿ ದೂಡುತ್ತಾರೆ. ಇಳಿಯುವುದು ಇನ್ನೂ ಕಷ್ಟ. ಬ್ರೇಕ್ ಹಿಡಿಯದಿದ್ದರೆ ಗಾಡಿ ಕೈಗೆ ಸಿಗದು.

1998ರಲ್ಲಿ ಕೊಂಕಣ ರೈಲು ಪೂರ್ತಿಯಾಯಿತು. ಅದು ಘಟ್ಟ ಹತ್ತುವುದೇ ಇಲ್ಲ. ಘಟ್ಟದ ಕೆಳಗೆ, ಸಮುದ್ರದ ಕಡೆ, ಸುರಂಗ ಸೇತುವೆಗಳ ಮೇಲೆ ಸಾಗುತ್ತದೆ. ಅಲ್ಲಿ 150 ಅಡಿಗೆ 1 ಅಡಿ ಏರು, ಅಷ್ಟೇ. 1999ರಿಂದ ಲಾರಿಗಳನ್ನೇ ರೈಲಿನ ಮೇಲೆ ನಿಲ್ಲಿಸಿ ಒಯ್ಯುವುದನ್ನೂ ಶುರು ಮಾಡಿದರು. ಡ್ರೈವರ್ ತನ್ನ ಲಾರಿಯಲ್ಲೇ ಕೂತಿರುತ್ತಾನೆ! ತಮ್ಮನಿಗೆ ಹೇಳಿದರೆ ನಂಬಲೇ ಇಲ್ಲ.

ಆದರೆ ಮಳೆ ಯಾವ ದಾರಿಯನ್ನೂ ಬಿಡುವುದಿಲ್ಲ. 2021ರ ಜುಲೈ ನೆನಪಿದೆಯಲ್ಲ? ಪಂಚಗಂಗೆ ಉಕ್ಕಿದ ವರ್ಷ. ಆಗ ಚಿಪಳೂಣದಲ್ಲೂ ನೀರು ತುಂಬಿತು. ಕೊಂಕಣ ದಾರಿ ನಿಂತಿತು. ಮಂಗಳೂರಿನಿಂದ ಮುಂಬೈಗೆ ಹೊರಟ ಪ್ರಯಾಣಿಕರ ಗಾಡಿಯನ್ನು ಮಡಗಾಂವದಿಂದ ಲೋಂಡಾ, ಮೀರಜ ಮೇಲೆ ತಿರುಗಿಸಿದರು. ಜುಲೈ 23ರಂದು ದೂಧಸಾಗರದ ಹತ್ತಿರ ಗುಡ್ಡ ಕುಸಿದು ಆ ಗಾಡಿಯೇ ಹಳಿ ತಪ್ಪಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

2024ರಲ್ಲಿ ಇನ್ನೂ ಬಿಗಿಯಾಯಿತು. ಜುಲೈ ಮೊದಲ ಭಾಗದಲ್ಲಿ ಗೋವಾದ ಪೆಡಣೆ ಸುರಂಗದಲ್ಲಿ ನೀರು ಉಕ್ಕಿ ಕೊಂಕಣ ದಾರಿ ಬಂದ್. ಜುಲೈ 26ಕ್ಕೆ ಕರ್ನಾಟಕದಲ್ಲಿ ಸಕಲೇಶಪುರ-ಸುಬ್ರಹ್ಮಣ್ಯ ಘಟ್ಟದಲ್ಲಿ ಯಡಕುಮರಿ ಹತ್ತಿರ ಹಳಿಯ ಕೆಳಗಿನ ಮಣ್ಣೇ ಕುಸಿಯಿತು. ಆಗಸ್ಟ್ 9ಕ್ಕೆ ದೂಧಸಾಗರದ ಹತ್ತಿರ ಕಲ್ಲಿದ್ದಲಿನ ಗೂಡ್ಸ್ ಗಾಡಿ ಹಳಿ ತಪ್ಪಿತು. ಒಂದೇ ತಿಂಗಳಲ್ಲಿ ಮೂರು ದಾರಿಗೆ ಪೆಟ್ಟು.

ಲಾರಿಯವನು ಫೋನ್ ಬಂದರೆ ಸ್ಟಿಯರಿಂಗ್ ತಿರುಗಿಸುತ್ತಾನೆ. ರೈಲಿಗೆ ಅದಾಗದು. ಆ ದಾರಿಯ ಏರು, ತಿರುವು, ಸಿಗ್ನಲ್ ಕಲಿತ ಡ್ರೈವರೇ ಬೇಕು. ಹಿಂದಿನಿಂದ ದೂಡಲು ಎಂಜಿನ್ ಸಿದ್ಧ ಇರಬೇಕು. ಒಂದೇ ಹಳಿ ಇದ್ದಲ್ಲಿ ಎದುರಿನ ಗಾಡಿ ದಾಟುವ ತನಕ ಕಾಯಬೇಕು. ಇಂಥ ಹೊತ್ತಿನಲ್ಲಿ ಪ್ರಯಾಣಿಕರ ಗಾಡಿ ಮೊದಲು ಹೋಗುತ್ತದೆ, ಗೂಡ್ಸ್ ಗಾಡಿ ನಿಲ್ಲುತ್ತದೆ. ನೂಲು ಬರದಿದ್ದರೆ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ ನಮ್ಮ ಮನೆಯ ವಾರದ ಪಗಾರವೂ ನಿಲ್ಲುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಮಾಲು ಕಳಿಸುವವರು, ತರಿಸುವವರು ಮೊದಲೇ ಕೇಳಿರಿ: ಯಾವ ಘಾಟದಿಂದ ಹೋಗುತ್ತದೆ? ಅದು ಬಂದಾದರೆ ಯಾವ ಕಡೆ? ಹೆಚ್ಚಿನ ಬಾಡಿಗೆ ಯಾರ ಮೇಲೆ? ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿರಿ. ಈಗ ನಿಮಗೆ ಓದಲು ಬರುತ್ತದಲ್ಲ.

ಕೊಲ್ಹಾಪುರದಿಂದ ನೇರವಾಗಿ ವೈಭವವಾಡಿಗೆ ರೈಲು ಯಾವಾಗ ಎಂದು ಹಿಂದೆ ಕೂತ ಅಕ್ಕ ಕೇಳಿದರು. ಸುಮಾರು 107 ಕಿಲೋಮೀಟರಿನ ಆ ದಾರಿ 2016-17ರ ರೈಲ್ವೆ ಬಜೆಟ್ಟಿನಲ್ಲಿ ಸೇರಿತು ಅಕ್ಕಾ. ಅದಾದರೆ ನಮ್ಮ ಸರಕಿಗೆ ಪುಣೆ, ಲೋಂಡಾದ ಸುತ್ತು ತಪ್ಪುತ್ತದೆ. ಇನ್ನೂ ಗಾಡಿ ಓಡಿಲ್ಲ. ಅಲ್ಲಿಯ ತನಕ ನನ್ನ ತಮ್ಮನ ಲಾರಿಯೇ ಗತಿ.